ಪಡುವಣ ಕಿಟಕಿಯ ಪರದೆ

"ಪರದೆ ಇಳಿಸ್ರಿ ಅಂತ ಎಷ್ಟು ಸಾರಿ ಬಡಕೋಬೇಕು ನಿಮಗೆ?"

ಓಬಳಪ್ಪ ಕಂಕುಳಲ್ಲಿದ್ದ ಕಂಪ್ಯೂಟರಿನ ಉದ್ದುದ್ದ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದ. ಜಗಳೂರಿನ ಆ ಹೊಸ ಹೆರಿಗೆ ವಾರ್ಡಿನ ಆಯಾ ಸುಂಕಲಮ್ಮ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಡಲೂ ಇಲ್ಲ.

"ನಾವು ಇಳಿಸ್ತೀವಿ ಸಾಹೇಬ್ರೆ, ಜನ ಎತ್ತಸ್ತಾರೆ. ನಾನೇನು ಮಾಡಾಕಾಗ್ತೈತೆ? ನಾಳೆ ಹೆಂಗೂ ಗಾರೆಯೋರು ಬರ್ತಾರೆ, ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಾಕೆ. ಬಿಸಿಲು ಬರಬಾರ್ದು ಅಂತ ಡಾಕ್ಟ್ರು ಹೇಳ್ಯಾರೆ."

ಇಂಜಿನಿಯರ್ ಓಬಳಪ್ಪ ಪಡುವಣ ಗೋಡೆಯತ್ತ ತಿರುಗಿದ. ವಾರ್ಡಿನ ನಕ್ಷೆ ಬರೆದವನೇ ಅವನು. ಗಾಳಿ ಬೀಸುವುದು ಪಡುವಣದಿಂದ ಎಂದು ಕಿಟಕಿಗಳನ್ನು ಆ ಕಡೆಗೇ ಇಟ್ಟಿದ್ದ. ಬಿಸಿಲಿನ ಭಯಕ್ಕೆ ಒಳಗೆ ಬಿದಿರಿನ ಪರದೆ. ಎಂಬತ್ತೇಳರ ಆ ಕಾಲದಲ್ಲಿ ಯಾರು ಮಾಡುತ್ತಿದ್ದರು ಹೇಳಿ, ದಾವಣಗೆರೆಯ ಕಾಲೇಜಿನಲ್ಲಿ ಗೆಳೆಯನ ಕಾಲು ಹಿಡಿದು, ಸೂರ್ಯನ ಓಟ, ಗೋಡೆಯ ದಪ್ಪ, ಬಿದಿರಿನ ಸಂದು ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಲೆಕ್ಕ ಹಾಕಿಸಿದ್ದ. ಮಧ್ಯಾಹ್ನದಿಂದ ಸಂಜೆಯವರೆಗೆ ಪರದೆ ಇಳಿದಿದ್ದರೆ ವಾರ್ಡು ತಂಪು ಎಂದಿತ್ತು ಅದು. ಆದರೆ ಒಳಗಿನ ಕೂಸುಗಳಿಗೆಲ್ಲ ಮೈತುಂಬ ಬೆವರುಸಾಲೆ! ಇನ್ನು ಕಿಟಕಿಗೆ ಇಟ್ಟಿಗೆ ಬಿದ್ದರೆ ಗಾಳಿಯೂ ಹೋಯಿತು, ವಾರ್ಡು ಗೋದಾಮೇ ಸರಿ. ಅಂಥ ಗೋದಾಮಿನಲ್ಲಿ ಇವತ್ತು ನಸುಕಿನಲ್ಲಿ ಹೆತ್ತು ಮಲಗಿದ್ದವಳು ಅವನದೇ ಹೆಂಡತಿ, ಕಸ್ತೂರಿ.

ಅವನು ಒಳಗೆ ಹೊರಟ. ಬಾಗಿಲಲ್ಲಿ ಅತ್ತೆ ಗಾದ್ರಮ್ಮ ಕೈ ಅಡ್ಡ ಹಿಡಿದಳು.

"ಹೆರಿಗೆ ಮೈಲಿಗೆ, ಪುರುಡು ಐತೆ ಅಳಿಯಂದ್ರೆ, ಕಳೆಯೋತನಕ ಗಂಡಸರು ಒಳಗೆ ಬರಂಗಿಲ್ಲ. ಕಿಟಕಿತಾಕೆ ಹೋಗ್ರಿ, ತೋರಿಸ್ತೀವಿ."

ಹಿತ್ತಲು ಸುತ್ತಿಕೊಂಡು ಕಿಟಕಿಗೆ ಬಂದ. ಅವನ ಮಾತಿನಂತೆಯೇ ಪರದೆ ಇಳಿದಿತ್ತು. ಅದರ ಹಿಂದೆ ಸಣ್ಣದೊಂದು ಅಳು ಕೇಳಿಸಿತು. ಅಷ್ಟೇ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ಕಸ್ತೂರಿ! ಕೂಸು ಹೆಂಗೈತೆ? ಪರದೆ ಎತ್ತಸೇ ಒಂದೀಟು!"

"ಎತ್ತಂಗಿಲ್ಲಂತೆ ರೀ," ಎಂದಿತು ಒಳಗಿನ ದಣಿದ ದನಿ, ನಗುತ್ತ. "ಯಾರೋ ಇಂಜಿನಿಯರ್ ಸಾಹೇಬ್ರ ಆರ್ಡರ್ ಐತಂತೆ."

"ಅವನ ಮನೆ ಹಾಳಾಗ, ಎತ್ತೇ!"

ಪರದೆ ಮೇಲೆ ಹೋಯಿತು. ಕಸ್ತೂರಿಯ ತೋಳಲ್ಲಿ ಕೆಂಪನೆಯ ಪುಟ್ಟ ಮುಖ, ಹಣೆತುಂಬ ಕಪ್ಪು ಕೂದಲು. ಮಗಳು! ಓಬಳಪ್ಪನ ಕಣ್ಣು ತುಂಬಿ ಬಂತು. ಅದೇ ಗಳಿಗೆಗೆ ಅವನ ಹೆಗಲ ಪಕ್ಕದಿಂದ ನಾಲ್ಕು ಗಂಟೆಯ ಬಿಸಿಲು ಒಳಗೆ ನುಗ್ಗಿ ಕೂಸಿನ ಮುಖದ ಮೇಲೆ ಬಿತ್ತು. ಕೂಸು ಮುಖ ಕಿವಿಚಿ ಚಿಟ್ಟನೆ ಚೀರಿತು.

"ಬಿಸಿಲು ರೀ!" ಕಸ್ತೂರಿ ಸೆರಗು ಅಡ್ಡ ಹಿಡಿದಳು.

ಅವನು ಸುತ್ತ ನೋಡಿದ. ಪಕ್ಕದ ಕಿಟಕಿಯಲ್ಲಿ ಯಾರೋ ತಾತ ಟವೆಲು ತಲೆಗೆ ಹಾಕಿಕೊಂಡು "ಎತ್ತವ್ವಾ, ಮೊಮ್ಮಗನ್ನ ನೋಡಾಕೆ ಬಂದೀನಿ" ಎನ್ನುತ್ತಿದ್ದ. ಅದರಾಚೆ ಇನ್ನೊಬ್ಬ ಗಂಡ, ಅವನ ಹಿಂದೆ ಅಣ್ಣತಮ್ಮಂದಿರು. ಎಲ್ಲರೂ ಬೆನ್ನು ಸುಡಿಸಿಕೊಂಡು ಪರದೆ ಎತ್ತಿಸುವವರೇ. ಅಯ್ಯೋ ಶಿವನೇ, ಸೂರ್ಯ, ಗೋಡೆ, ಬಿದಿರು ಎಲ್ಲ ಲೆಕ್ಕಕ್ಕೆ ಬಂದಿತ್ತು. ಆ ಲೆಕ್ಕದಲ್ಲಿ ಒಬ್ಬ ತಾತನೂ ಬಂದಿರಲಿಲ್ಲ. ನಾಚಿಕೆಯಾಯಿತು. ಬೈದದ್ದು ಸುಂಕಲಮ್ಮನಿಗೆ, ಎತ್ತಿಸಿದ್ದು ತಾನು. ನಗುವೂ ಬಂತು.

ಒಂದು ಹೆಜ್ಜೆ ಸರಿದು ಬಿಸಿಲಿಗೆ ಅಡ್ಡ ನಿಂತ. ಅವನ ನೆರಳು ಕೂಸನ್ನು ಮುಚ್ಚಿತು. ಅಳು ನಿಂತಿತು. ಕಿಟಕಿ ತೆರೆದೇ ಇತ್ತು, ಗಾಳಿಯೂ ಆಡುತ್ತಿತ್ತು.

ಓಬಳಪ್ಪ ತನ್ನ ನೆರಳು ಬಿದ್ದ ಜಾಗ ನೋಡಿ, "ಸುಂಕಲಮ್ಮಾರೇ!" ಎಂದು ಕೂಗಿದ. "ಡಾಕ್ಟ್ರನ್ನ ಇಲ್ಲಿಗೇ ಕರಕೊಂಬರ್ರಿ. ನಾನು ಜಾಗ ಬಿಟ್ಟು ಬರಾಕಾಗಲ್ಲ."

ಡಾಕ್ಟರು ಹಣೆಗೆ ಕೈ ಅಡ್ಡ ಹಿಡಿದು ಬಂದರು.

"ನೋಡ್ರಿ ಸಾರ್, ಪರದೆ ಒಳಗೆ ಕಟ್ಟಿದ್ದೇ ತಪ್ಪು. ಬಿಸಿಲು ಕಿಟಕಿ ದಾಟಿದ ಮೇಲೆ ತಡೆದು ಏನು ಬಂತು? ಇಲ್ಲಿ ನನ್ನ ಬೆನ್ನ ಹಿಂದೆ ಕಂಬ ಹುಗಿದು ಚಪ್ಪರ ಹಾಕಾಣ, ಅದರ ಅಂಚಿಗೆ ಪರದೆ ಇಳಿಬಿಡಾಣ. ಜನ ನೆರಳಾಗೆ ನಿಂತು ನೋಡ್ಲಿ. ಕಿಟಕಿಗೆ ಇಟ್ಟಿಗೆ ಮಾತ್ರ ಬ್ಯಾಡ್ರಿ."

"ಇದಕ್ಕೆ ನಿಮ್ಮ ಕಂಪ್ಯೂಟರ್ ಏನಂತೈತ್ರೀ?"

"ಅದಕ್ಕೆ ಜನ ಬರ್ತಾರೆ ಅಂತ ನಾನು ಹೇಳೇ ಇಲ್ಲ ಸಾರ್. ಈ ಸಾರಿ ಹೇಳ್ತೀನಿ."

ಡಾಕ್ಟರು ಕೂಸನ್ನು ನೋಡಿದರು, ಬೆವರಿನಲ್ಲಿ ತೊಯ್ದ ಅವನ ಬೆನ್ನನ್ನೂ ನೋಡಿದರು.

"ಆಗ್ಲಿ, ಮೊದಲು ಚಪ್ಪರ ಹಾಕ್ರಿ. ಇಟ್ಟಿಗೆ ಎಲ್ಲಿ ಹೋಗ್ತಾವೆ, ಬಿದ್ದಿರ್ಲಿ."

ಅವರು ಹೋದ ಮೇಲೆ ಕಸ್ತೂರಿ, "ಸುಸ್ತಾಗೀರಿ, ನೆರಳಿಗೆ ಹೋಗ್ರಿ ಇನ್ನ," ಎಂದಳು.

"ಹೋಗ್ತೀನಿ ತಡಿ."

ಕೂಸಿಗೆ ನಿದ್ದೆ ಹತ್ತಿತ್ತು. ಹೊತ್ತು ಇಳಿಯುತ್ತಿತ್ತು. ಓಬಳಪ್ಪನ ತೋಳಿನ ಪಕ್ಕದಿಂದ ಬಿಸಿಲಿನ ಸಣ್ಣ ಗೆರೆಯೊಂದು ನುಸುಳಿ ಕೂಸಿನ ಕಿವಿ ಮುಟ್ಟಿತು. ಅವನು ತುಸು ಎಡಕ್ಕೆ ಸರಿದು ನಿಂತ.