ಮೂರನೆಯ ಕೂಗು

ಟೋಪಿ ಅಂಗಡಿಯ ಬಾಗಿಲು ತಳ್ಳಿ ಆಂತೆಲ್ಮ್ "ಬೊಂಜೂರ್ ಮದಾಮ್" ಎಂದು ವಂದಿಸಿದ. ಬಿರುಕು ಬಿಟ್ಟ ದನದ ಗಂಟೆ ಅಲ್ಲಾಡಿದ ಹಾಗಿತ್ತು ಆ ಸ್ವರ. ಅಂಗಡಿಯಾಕೆ ತಲೆಯೆತ್ತಿ ನಕ್ಕು ತಾನೂ ಬೊಂಜೂರ್ ಹೇಳಿದಳು. ಅವನು ಟೋಪಿಗಳ ಮೇಲೆಲ್ಲ ಒಮ್ಮೆ ಕಣ್ಣಾಡಿಸಿದ, ಒಂದನ್ನೂ ಮುಟ್ಟಲಿಲ್ಲ. ಚೆನ್ನಾಗಿವೆ ಎಂದ, ದಿನ ಒಳ್ಳೆಯದಾಗಲಿ ಎಂದು ಹರಸಿದ, ಹೊರಬಂದ.

ಬೀದಿಯಲ್ಲಿ ಚೀಲ ಹಿಡಿದು ನಿಂತಿದ್ದ ಹೆಂಡತಿ ಲೆಯೋನಿ ಇದನ್ನು ಬೆಳಗಿನಿಂದಲೂ ನೋಡುತ್ತಲೇ ಇದ್ದಳು. ಚೀಸಿನ ಅಂಗಡಿ, ಕೈಗವಸಿನ ಅಂಗಡಿ, ಹೂವಿನವಳು, ಚಾಕು ಸಾಣೆಯವನು. ಬಾಗಿಲು ದಾಟಿದ ಮೇಲೆ ಬೊಂಜೂರ್ ಹೇಳದವನನ್ನು ಈ ದೇಶದಲ್ಲಿ ನಾಯಿಯೂ ಮೂಸುವುದಿಲ್ಲ, ನಿಜ. ಆದರೆ ಅದನ್ನು ಹೇಳುವುದಕ್ಕೆಂದೇ ಬಾಗಿಲು ದಾಟುವವರನ್ನು ಅವಳು ಕಂಡಿರಲಿಲ್ಲ.

ಬೆಟ್ಟದಿಂದ ಮೊದಲ ರೈಲಿಗೆ ಲಿಯೋಂ ಪಟ್ಟಣಕ್ಕೆ ಇಳಿದಿದ್ದರು. ಸಂಜೆ ಐದರೊಳಗೆ ಅವನು ಗುಡ್ಡದ ಮೇಲಿನ ಆಸ್ಪತ್ರೆ ಸೇರಬೇಕು. ನಾಳೆ ಅವನ ಕೊರಳು ಸೀಳಿ, ಹುಣ್ಣಾದ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕುತ್ತಾರೆ. ಆಮೇಲೆ ಕೊರಳಿನ ತೂತಿನಿಂದಲೇ ಉಸಿರಾಟ, ಮಾತಿಲ್ಲ. ತೆಗೆಯದಿದ್ದರೆ ಮುಂದಿನ ಬೇಸಿಗೆಗೆ ದನ ಮೇಲಿನ ಹುಲ್ಲುಗಾವಲಿಗೆ ಹೊರಡುವಾಗ ಹಿಂದೆ ನಡೆಯಲು ಅವನೇ ಇರುವುದಿಲ್ಲ. ಇಷ್ಟನ್ನೂ ವೈದ್ಯರು ಬಿಡಿಸಿ ಹೇಳಿದ ಮೇಲೂ ಆಂತೆಲ್ಮ್ ಹೂಂ ಎಂದಿರಲಿಲ್ಲ. "ದನಾನ ಸನ್ನೆ ಮಾಡಿ ಕರೆಯಕ್ಕಾಗತ್ತಾ?" ಎಂದಿದ್ದ. ಅವಳು ಅತ್ತ ಮೇಲೆ, ನೋಡೋಣ ಎಂದಿದ್ದ. ಆ ನೋಡೋಣ ಒಂದನ್ನೇ ಹಿಡಿದುಕೊಂಡು ಅವಳು ಚೀಲ ತುಂಬಿದ್ದಳು. ರೈಲಿನಲ್ಲಿ ಅವನು, ಮೊದಲು ಊರು ಸುತ್ತೋಣ, ಮದುವೆಯಾದ ಹೊಸದರಲ್ಲಿ ನಿನಗೆ ಮಾತು ಕೊಟ್ಟಿದ್ದೆ ಎಂದ. ವಾಪಸ್ಸಿಗೆ ಟಿಕೆಟ್ ಎರಡು ತಾನೇ ಎಂದೂ ಕೇಳಿದ. ಅವಳು ಹೌದೆಂದಳು. ಕೊಂಡಿದ್ದು ಒಂದೇ.

ಮಧ್ಯಾಹ್ನ ಹಳೆಯ ಊರಿನ ಓಣಿಯಲ್ಲಿ, ಚೌಕಳಿ ಬಟ್ಟೆ ಹಾಸಿದ ಮೇಜುಗಳ ಪುಟ್ಟ ಊಟದ ಮನೆಗೆ ಹೋದರು. ಒಡತಿ ದಪ್ಪ ತೋಳಿನ ಹೆಂಗಸು, ಬಾಯಿ ಅದಕ್ಕಿಂತ ದಪ್ಪ. ಅವನ ಸ್ವರ ಕೇಳಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ ಯಜಮಾನ್ರೇ, ಬೆಟ್ಟದ ಬೆಣ್ಣೆ ಗಂಟಲಲ್ಲೇ ಹೆಪ್ಪುಗಟ್ಟಿದೆಯಾ?"

"ಇವಳು ಮಾತಾಡಕ್ಕೆ ಬಿಟ್ರೆ ತಾನೇ ಮದಾಮ್. ತುಕ್ಕು ಹಿಡಿದುಬಿಟ್ಟಿದೆ."

ಸುತ್ತಲಿನ ಮೇಜುಗಳು ನಕ್ಕವು. ಲೆಯೋನಿ ನಗಲಿಲ್ಲ. ಬ್ರೆಡ್ಡು ಹೋಳಾಗಿಯೇ ಬುಟ್ಟಿಯಲ್ಲಿ ಬಂದಿತ್ತು. ಮನೆಯಲ್ಲಿ ಇಡೀ ರೊಟ್ಟಿಯ ಬೆನ್ನಿಗೆ ಚಾಕುವಿನಿಂದ ಶಿಲುಬೆ ಗೀರಿ ಕತ್ತರಿಸುವುದು ಅವನ ಪದ್ಧತಿ; ಇಲ್ಲಿ ಒಂದು ಹೋಳಿನ ಮೇಲೆ ಉಗುರಿನಿಂದಲೇ ಗೀರಿದ. ಮೀನಿನ ಕಡುಬು ಕೆನೆಯ ಸಾರಿನಲ್ಲಿ ಉಬ್ಬಿಕೊಂಡು ಬಂತು. ಅವನು ನುಂಗುವುದನ್ನೇ ಅವಳು ನೋಡಿದಳು. ಪ್ರತಿ ತುತ್ತಿಗೂ ಕಣ್ಣು ಮುಚ್ಚಿ, ನೋವನ್ನು ದಾಟಿಸಿ, ಆಮೇಲೆ ರುಚಿಗೆಂದು ಕಣ್ಣು ತೆರೆಯುತ್ತಿದ್ದ. ಕೆಂಪು ವೈನು ಕುಡಿದ. ಗುಲಾಬಿ ಬಣ್ಣದ ಬಾದಾಮಿ ಸಿಹಿ ತರಿಸಿದ. ಒಡತಿಯ ಮೊಮ್ಮಕ್ಕಳ ಹೆಸರು ಕೇಳಿದ, ಪಕ್ಕದ ಮೇಜಿನವರ ಕೂಡ ಮಳೆಯ ಮಾತಾಡಿದ. ಹೋದ ವರ್ಷವಿಡೀ ಮನೆಯಲ್ಲಿ ಅಷ್ಟು ಮಾತಾಡಿರಲಿಲ್ಲ.

ಗೋಡೆಯ ಗಡಿಯಾರ ನೋಡಿ ನೋಡಿ ಅವಳಿಗೆ ಸಹನೆ ಮುಗಿಯಿತು.

"ಇದ್ದ ಸ್ವರಾನ ಊರಿಗೆಲ್ಲ ಹಂಚಿಬಿಟ್ಟೆ," ಎಂದಳು ತಗ್ಗಿದ ದನಿಯಲ್ಲಿ. "ಕಂಡೋರಿಗೆಲ್ಲ ಹಂಚಿಬಿಟ್ಟೆ. ನನ್ನ ಪಾಲಿಗೇನು ಉಳಿಸಿದೀಯ?"

ಅವನು ಬ್ರೆಡ್ಡಿನಿಂದ ತಟ್ಟೆಯ ಸಾರು ಬಳಿದ. "ನೀನು ಯಾವತ್ತು ಕೂಗಿದ ಕೂಡಲೇ ಓಗೊಟ್ಟಿದೀಯ? ಮೂರು ಸಲ ಕೂಗಿಸ್ದೆ ಬಂದಿದ್ದೇ ಇಲ್ಲ."

"ಕೇಳಿಸ್ತಿರ್ಲಿಲ್ಲ."

"ಕೇಳಿಸ್ತಿತ್ತು."

ಕೇಳಿಸುತ್ತಿತ್ತು. ಮೇಲಿನ ಹುಲ್ಲುಗಾವಲಿನಿಂದ ಅವನ ಕೂಗು ದೇವದಾರು ಮರಗಳ ತಲೆಯ ಮೇಲೆ ಹಾದು ಅಡುಗೆಮನೆಯ ಕಿಟಕಿಗೇ ಬಂದು ಬೀಳುತ್ತಿತ್ತು. ಮೊದಲ ಕೂಗಿಗೆ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸುವಳು. ಎರಡನೆಯದಕ್ಕೆ ಸೊಂಟಕ್ಕೆ ಕಟ್ಟಿದ ಏಪ್ರನ್ನಿಗೆ ಕೈ ಒರೆಸಿಕೊಳ್ಳುವಳು. ಮೂರನೆಯದಕ್ಕೆ ಬಾಗಿಲಿಗೆ ಬಂದು ಓಗೊಡುವಳು. ಅಷ್ಟು ವರ್ಷವೂ ಅವರ ಜಗಳವೆಂದರೆ ಅದೇ. ಹಾಗೇಕೆ ಮಾಡುತ್ತೀ ಎಂದು ಪಾದ್ರಿಗಳು ಕೇಳಿದಾಗಲೂ, ಆ ಕೂಗು ಇನ್ನೊಮ್ಮೆ ಕೇಳಲೆಂದು ಎಂಬುದನ್ನು ಅವಳು ಬಿಟ್ಟುಕೊಡಲಿಲ್ಲ.

ಊಟ ಮುಗಿಸಿ ಹೊರಬಂದರೆ ಅವನು ನಿಲ್ದಾಣದ ಕಡೆಗೆ ತಿರುಗಿದ. ವಾಪಸ್ ಹೊರಟೇಬಿಟ್ಟನೆಂದುಕೊಂಡಳು. ಹಿಂದೆ ಓಡಿದಳು, ತೋಳು ಹಿಡಿದಳು. ಬೇಡಿಕೊಳ್ಳಲು ಮಾತು ಹುಡುಕುವಷ್ಟರಲ್ಲಿ ಅವನು ಇನ್ನೊಂದು ಬಾಗಿಲು ತಳ್ಳಿದ್ದ. ರೇಷ್ಮೆ ಅಂಗಡಿ.

"ಬೊಂಜೂರ್ ಮದ್ಮುವಾಜೆಲ್."

ಅಂಗಡಿಯ ಹುಡುಗಿ ಲೆಯೋನಿಯತ್ತ ನೋಡಿ ಹೂಬಳ್ಳಿಯ ಕೊರಳವಸ್ತ್ರಗಳನ್ನು ಹರಡತೊಡಗಿದಳು. ಅವನು ತಲೆಯಾಡಿಸಿ, ಮೂಲೆಯಲ್ಲಿದ್ದ ಕಡುನೀಲಿಯದೊಂದನ್ನು ಎತ್ತಿಕೊಂಡ. ಕನ್ನಡಿಯ ಮುಂದೆ ಅಂಗಿಯ ಗುಂಡಿ ಬಿಚ್ಚಿ ಕೊರಳಿಗೆ ಸುತ್ತಿಕೊಂಡ. ಕೊಟ್ಟಿಗೆಗೂ ಚರ್ಚಿಗೂ ಒಂದೇ ಕೋಟು ಹಾಕಿದ ಮನುಷ್ಯ.

"ಯಜಮಾನ್ರು ಭಾರೀ ಶೋಕಿ," ಎಂದಳು ಹುಡುಗಿ. "ಅಮ್ಮಾ, ಕಾವಲು ಕಾಯಬೇಕು ನೀವು."

ಅವನು ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ. "ಇದರೊಳಗೆ ಗಾಳಿ ಆಡತ್ತಾ?"

ಹುಡುಗಿ ಇನ್ನೊಂದು ವಸ್ತ್ರದ ಅಂಚನ್ನು ತುಟಿಗಿಟ್ಟು ಊದಿದಳು. ಆಚೆ ಬದಿಯಲ್ಲಿ ಹಿಡಿದಿದ್ದ ಅವನ ಅಂಗೈಗೆ ಉಸಿರು ತಾಕಿತು. "ನೋಡಿ, ತಡೆಯೋದೇ ಇಲ್ಲ."

ಕೊರಳಿನ ತೂತಿಗೆ ಎಂದು ಲೆಯೋನಿಗೆ ಹೊಳೆಯಿತು. ಅವನು ಒಪ್ಪಲಾರನೆಂಬ ಹೆದರಿಕೆಯ ಜಾಗಕ್ಕೆ, ನಾಳೆಯಿಂದ ಆ ಸ್ವರವಿಲ್ಲ ಎಂಬುದು ಬಂದು ಕೂತಿತು. ಅದು ಹಳೆಯದಕ್ಕಿಂತ ಭಾರವಾಗಿತ್ತು.

"ಒಂದೇ ಟಿಕೆಟ್ ಅಂತ ನನಗೆ ಗೊತ್ತು," ಎಂದ ಅವನು ಗುಡ್ಡ ಹತ್ತುವಾಗ. ಕೊಂಡ ನೀಲಿ ವಸ್ತ್ರ ಕೊರಳಲ್ಲೇ ಇತ್ತು.

ಆಸ್ಪತ್ರೆಯ ಬಾಗಿಲು ದಾಟಿ ಟೋಪಿ ತೆಗೆದ. ಮೇಜಿನ ಹಿಂದಿನ ಹೆಂಗಸು ಮುಖವೆತ್ತಿ ಕಾದಳು. ಅವನು ಬಾಯಿ ತೆರೆಯಲಿಲ್ಲ; ಹೆಂಡತಿಯತ್ತ ನೋಡಿದ. ಇಬ್ಬರ ಪರವಾಗಿಯೂ ಲೆಯೋನಿ ಬೊಂಜೂರ್ ಹೇಳಿದಳು.

ಮೇಲೆ ಕೋಣೆಯಲ್ಲಿ ಅವಳು ಚೀಲ ಬಿಚ್ಚಿ ಚಪ್ಪಲಿ ಮಂಚದ ಕೆಳಗಿಟ್ಟಳು, ಜಪಮಣಿಯನ್ನು ದಿಂಬಿನಡಿ ಸೇರಿಸಿದಳು. ದಾದಿ ಬಂದು ಸಮಯವಾಯಿತು ಎಂದಳು. ಪರರ ಮುಂದೆ ಇಬ್ಬರಿಗೂ ನಾಚಿಕೆ. ಅತ್ತೊಮ್ಮೆ ಇತ್ತೊಮ್ಮೆ ಕೆನ್ನೆ ತಾಗಿಸಿ, ನೆಂಟರ ಹಾಗೆ ಬೀಳ್ಕೊಂಡರು.

ಅಂಗಳದ ಮರಗಳ ಕೆಳಗೆ ರೋಗಿಗಳು ಕಂಬಳಿ ಹೊದ್ದು ಕುಳಿತಿದ್ದರು. ಅವಳು ಗೇಟಿನ ಹತ್ತಿರ ಬಂದಿದ್ದಳು. ಹಿಂದೆ, ಎತ್ತರದಲ್ಲಿ, ಒಂದು ಕಿಟಕಿ ತೆರೆದುಕೊಂಡಿತು.

"ಓ... ಲೆಯೋನೀ..."

ಒಡೆದ, ಹರಿದ ಸ್ವರ. ಆದರೂ ಬೆಟ್ಟದ ಎಳೆತ ಹಾಗೇ ಇತ್ತು. ಕಂಬಳಿಯೊಳಗಿನ ತಲೆಗಳೆಲ್ಲ ಮೇಲೆ ತಿರುಗಿದವು. ಲೆಯೋನಿ ನಿಂತಳು.

"ಓ... ಲೆಯೋನೀ..."

ಅವಳ ಎರಡೂ ಕೈ, ಇಲ್ಲದ ಏಪ್ರನ್ ಹುಡುಕಿ, ಕೋಟಿನ ಮೇಲೆ ಒರೆಸಿಕೊಂಡವು.

"ಮದಾಮ್," ಎಂದ ಬೆಂಚಿನ ಮುದುಕ, "ನಿಮ್ಮನ್ನೇ ಕರೀತಿದಾರೆ."

"ಗೊತ್ತು," ಎಂದಳು. "ಸ್ವಲ್ಪ ಸುಮ್ಮನಿರಿ."

ಕಿಟಕಿಗೆ ಬೆನ್ನು ಮಾಡಿಕೊಂಡು, ಎಲೆ ಉದುರುತ್ತಿದ್ದ ಮರದ ಕೆಳಗೆ, ಅವಳು ನಿಂತೇ ಇದ್ದಳು.