ಇರು, ಅಮ್ಮನಿಗೆ ಕೊಡ್ತೀನಿ

ಬಾಟಲಿ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ತಂತಿಯಣ್ಣ ಅಂತಲೇ ಕರೆಯುತ್ತಿದ್ದರು. ಯಂತ್ರದಿಂದ ಯಂತ್ರಕ್ಕೆ ಮಾತು ಮುಟ್ಟಿಸುವ ನೆಟ್‌ವರ್ಕ್ ಕೇಬಲ್‌ಗಳ ಉಸ್ತುವಾರಿ ಅವನದು. ತುಂಬುವ ಯಂತ್ರ ‘ತುಂಬಿತು’ ಅಂದದ್ದು ಮುಚ್ಚಳ ಹಾಕುವ ಯಂತ್ರಕ್ಕೆ ಕಣ್ಣು ಮಿಟುಕಿಸುವುದರೊಳಗೆ ತಲುಪಬೇಕು. ತಡವಾದರೆ ಬೆಲ್ಟ್ ನಿಲ್ಲುತ್ತದೆ. ಬೆಲ್ಟ್ ನಿಂತರೆ ಕಾರ್ಖಾನೆಯವರ ಬಾಯೆಲ್ಲ ಇವನ ಮೇಲೆ ಓಡುತ್ತದೆ. ಜೀವವಿಲ್ಲದ ಯಂತ್ರಗಳ ನಡುವೆ ಇಷ್ಟು ಚೆನ್ನಾಗಿ ಮಾತುಕತೆ ನಡೆಸಿಕೊಡುವ ಈ ಆಸಾಮಿ ಸ್ವಂತ ಮಗಳ ಜೊತೆ ಮಾತಾಡಿ ಎರಡು ತಿಂಗಳಾಗಿತ್ತು.

ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಗೆ ಒಂದು ದಾರಿಯಾದರೂ ಇರುತ್ತಿತ್ತು. ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಫೋನ್ ಮಾಡಿದರೆ ಎತ್ತುತ್ತಿದ್ದವನು ಇವನೇ. “ಚೆನ್ನಾಗಿದೀಯಾ? ಊಟ ಆಯ್ತಾ? ಇರು, ಅಮ್ಮನಿಗೆ ಕೊಡ್ತೀನಿ.” ಅಲ್ಲಿಗೆ ಅಪ್ಪನ ಕರ್ತವ್ಯ ಮುಗಿಯಿತು. ಆಮೇಲೆ ಹೆಂಡತಿ ಒಂದೊಂದೇ ಸುದ್ದಿ ಬಡಿಸುತ್ತಿದ್ದಳು: ಕೂದಲು ಕತ್ತರಿಸಿಕೊಂಡಳಂತೆ, ಮನೆ ಬದಲಾಯಿಸ್ತಾಳಂತೆ, ಯಾರೋ ರೋಗಿ ತೀರಿಕೊಂಡರು ಅಂತ ಅತ್ತಳಂತೆ. ಇವನು “ಹೌದಾ” ಅನ್ನುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಪ್ರೀತಿ ಬೆಟ್ಟದಷ್ಟಿತ್ತು, ಅದನ್ನು ದಾಟಿಸುವ ಕೆಲಸವನ್ನು ಮಾತ್ರ ಹೆಂಡತಿಗೆ ವಹಿಸಿಬಿಟ್ಟಿದ್ದ.

ಆ ಹೆಂಡತಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲೇ ಇಲ್ಲ. ಎಲ್ಲ ಮುಗಿದು ಮಗಳು ತನ್ನ ಊರಿಗೆ ವಾಪಸಾದ ಮೇಲೆ ಮೊದಲ ಸಲ ಫೋನ್ ಮಾಡಿದಳು. ಇವನು ಎತ್ತಿದ. “ಚೆನ್ನಾಗಿದೀಯಾ? ಊಟ ಆಯ್ತಾ? ಇರು, ಅಮ್ಮನಿಗೆ ಕೊಡ್ತೀನಿ” ಅಂದವನೇ ಫೋನ್ ಚಾಚಿಕೊಂಡು ಅಡುಗೆಮನೆಗೆ ನಡೆದ. ಒಲೆಯ ಮುಂದೆ ಯಾರೂ ಇರಲಿಲ್ಲ. ಕಾಲು ಅಲ್ಲೇ ಕಂಬವಾಯಿತು. ಫೋನನ್ನು ಮತ್ತೆ ಕಿವಿಗೆ ತರುವಷ್ಟರಲ್ಲಿ ಆ ಕಡೆ ಕಟ್ ಆಗಿತ್ತು.

ಅವತ್ತಿನಿಂದ ಅವಳು ಮಾಡಲಿಲ್ಲ, ಇವನೂ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡುವುದು? ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಆ ಸದ್ದೇ ಮನೆಯ ಕೊನೆಯ ಸದ್ದು. ಒಬ್ಬನಿಗೇ ಅನ್ನ ಮಾಡುವ ಅಳತೆ ಇನ್ನೂ ಕೈಗೆ ಬಂದಿರಲಿಲ್ಲ. ಹೀಗೇ ಇನ್ನೊಂದಷ್ಟು ದಿನ ಕಳೆದರೆ ಮಗಳೂ ಕೈತಪ್ಪಿ ಹೋಗುತ್ತಾಳೆ ಅಂತ ಅವನಿಗೆ ಭಯವಾಗುತ್ತಿತ್ತು.

ಈ ನಡುವೆ ಕಾರ್ಖಾನೆಯಲ್ಲಿ ಒಂದು ಫಜೀತಿಯಾಯಿತು. ಅಲ್ಲಿ ಮುಖ್ಯ ಕೇಬಲ್ ಜೊತೆಗೆ ಒಂದು ಬದಲಿ ಕೇಬಲ್ ಇತ್ತು. ಎರಡನ್ನೂ ಒಟ್ಟಿಗೆ ಬಿಟ್ಟರೆ ಸಂದೇಶಗಳು ಗಾಣದ ಎತ್ತಿನ ಹಾಗೆ ಸುತ್ತುತ್ತವೆಂದು ಬದಲಿಯನ್ನು ಸದಾ ತಡೆದಿಟ್ಟಿದ್ದರು. ಮುಖ್ಯದ್ದು ತುಂಡಾದ ದಿನ ಬದಲಿ ಕೇಬಲ್‌ಗೆ ಮಾತು ಒಪ್ಪಿಸಿದರೆ ಅದೂ ಸತ್ತು ಕೂತಿತ್ತು. ಯಾವ ಕಾಲದಲ್ಲೋ ಇಲಿ ಕಡಿದಿದ್ದು. ಕೆಲಸಕ್ಕೆ ಹಚ್ಚದ ತಂತಿಯ ಯೋಗಕ್ಷೇಮ ಕೇಳುವವರು ಯಾರು? ತಂತಿಯಣ್ಣನೂ ಕೇಳಿರಲಿಲ್ಲ.

ಹಾಗಾಗಿ ಈಗ ಯಾವ ತಂತಿಯನ್ನೂ ತಡೆದಿಡದೆ ಸಂದೇಶ ದಾಟಿಸುವ ಹೊಸ ನೆಟ್‌ವರ್ಕ್ ಸ್ವಿಚ್‌ಗಳು ಬಂದಿದ್ದವು. ಪರೀಕ್ಷೆಗೆ ಪಾಳಿಯ ಮೇಲ್ವಿಚಾರಕಿ ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಳು.

“ಬೆಲ್ಟ್ ನಿಂತರೆ ನನ್ನ ತಲೆ ಹೋಗುತ್ತೆ, ತಂತಿಯಣ್ಣ.”

“ನಿಮ್ಮದಕ್ಕಿಂತ ಮೊದಲು ನನ್ನದು ಹೋಗುತ್ತೆ. ಧೈರ್ಯವಾಗಿರಿ” ಅಂದು ಅವನು ಬೆಲ್ಟ್ ಓಡುತ್ತಿರುವಾಗಲೇ ಕೇಬಲ್ ಕಿತ್ತ. ಹಸಿರು ದೀಪ ಆರಿತು, ಬೇರೆ ಕಡೆ ಇನ್ನೊಂದು ಹೊತ್ತಿತು. ಬಾಟಲಿಗಳು ಕಿಣಿಕಿಣಿ ಅನ್ನುತ್ತ ಸಾಗುತ್ತಲೇ ಇದ್ದವು.

“ಹೊಸ ದಾರಿ ಈ ಸ್ವಿಚ್‌ಗೆ ಹೇಗೆ ಗೊತ್ತಾಯ್ತು?”

“ಗೊತ್ತಿರಲಿಲ್ಲ. ದಾರಿ ಹೋಯ್ತು ಅಂದ ಕೂಡಲೇ ಇರೋ ಎಲ್ಲ ತಂತಿಗಳಲ್ಲೂ ಕೂಗು ಹಾಕುತ್ತೆ. ಯಾವುದರಲ್ಲಿ ಕೂಗು ಮೊದಲು ಮುಟ್ಟಿತೋ ಅದೇ ದಾರಿ. ಉಳಿದ ಕಡೆಯಿಂದ ತಡವಾಗಿ ಬಂದದ್ದನ್ನ ಬಿಟ್ಟುಬಿಡುತ್ತೆ.”

“ಕೂಗದೆ ಸುಮ್ಮನಿದ್ದರೆ?”

“ಸುಮ್ಮನಿದ್ದರೆ ಏನು, ಆ ಕಡೆಯವರು ಸತ್ತಂತೆಯೇ ಲೆಕ್ಕ” ಅಂದ. ಅಂದ ಮೇಲೆ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಊಟದ ಬಿಡುವಿನಲ್ಲಿ ಸ್ವಿಚ್ ಕೋಣೆಯ ಬಾಗಿಲು ಹಾಕಿಕೊಂಡು ಮಗಳಿಗೆ ಫೋನ್ ಮಾಡಿದ. ಏನು ಹೇಳಬೇಕೆಂದು ಗೊತ್ತಿರಲಿಲ್ಲ.

“ಅಪ್ಪ? ಏನಾಯ್ತು? ಹುಷಾರಿದೀರಾ?”

“ಏನಿಲ್ಲ. ಇವತ್ತು ಒಂದು ಕೇಬಲ್ ಕಿತ್ತೆ. ಬೇಕು ಅಂತಲೇ.”

“ಆಮೇಲೆ?”

“ಬೆಲ್ಟ್ ನಿಲ್ಲಲಿಲ್ಲ.”

ಕೈ ತಾನಾಗಿ ಫೋನನ್ನು ಕಿವಿಯಿಂದ ದೂರ ಒಯ್ಯುತ್ತಿತ್ತು, ಯಾರಿಗೋ ಚಾಚುವುದಕ್ಕೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡ.

“ಅವತ್ತು ತಪ್ಪಾಯ್ತು, ಮಗಳೇ. ಬಾಯಿಗೆ ರೂಢಿ. ನಿನಗೆ ಸಿಟ್ಟು ಬಂತೇನೋ.”

“ಸಿಟ್ಟಲ್ಲ ಅಪ್ಪ. ನೀವು ಅಡುಗೆಮನೆಗೆ ನಡೆದುಕೊಂಡು ಹೋಗಿದ್ದು ಕೇಳಿಸ್ತು. ನಾನೂ ಕಾಯ್ತಾ ಇದ್ದೆ, ಅಮ್ಮ ಬರ್ತಾಳೆ ಅಂತ. ಆಮೇಲೆ ನೆನಪಾಯ್ತು. ಅದಕ್ಕೇ ಇಟ್ಟುಬಿಟ್ಟೆ.”

ಅವನು ಸ್ಟೂಲ್ ಎಳೆದುಕೊಂಡು ಕೂತ. ಹೊರಗೆ ಬೆಲ್ಟ್ ಓಡುತ್ತಿತ್ತು.

“ಊಟ ಆಯ್ತಾ?” ಅಂದ. ಈ ಸಲ ಉತ್ತರಕ್ಕೆ ಕಾದ.