ಜಿನ್ನಿಗೆ ದೊಡ್ಡಪತ್ರೆ

ನಮ್ಮ ಯಜಮಾನರು ಅಣ್ಣಪ್ಪನವರು ಬ್ರಾಂದಿ ಅಂಗಡಿಗೆ ಹೋದಾಗ ಹೆಲ್ಮೆಟ್ ತೆಗೆಯಲಿಲ್ಲವಂತೆ. ಅದರೊಳಗೆ ಮಾಸ್ಕು, ಕಪ್ಪು ಕನ್ನಡಕ ಬೇರೆ. ಇಷ್ಟೆಲ್ಲ ವೇಷ ಕಟ್ಟಿದರೂ ಅಂಗಡಿಯವನು “ನಮಸ್ಕಾರಂ ಮೇನೇಜರ್‌ಗಾರು, ಏಂ ಕಾವಾಲಿ?” ಎಂದು ತೆಲುಗಿನಲ್ಲಿ, ಏನು ಬೇಕೆಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದನಂತೆ. ಮನೆಗೆ ಬಂದವರು ಜಿನ್ ಬಾಟಲಿಯನ್ನು ಎಲ್ಲಿಡುವುದೆಂದು ಮನೆಯೆಲ್ಲ ಸುತ್ತಿ, ಕೊನೆಗೆ ನನ್ನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬ್ಯಾಂಕಿನ ಪಾರ್ಟಿಗಳಲ್ಲೂ ಮಜ್ಜಿಗೆ ಹುಡುಕುವ ಮನುಷ್ಯ ಇವರು. ಕುಡಿತದ ಗಂಧಗಾಳಿ ಇಲ್ಲ. ಅಂಥವರು ಬಾಟಲಿ ತಂದದ್ದು ಮಗಳ ಮದುವೆಗೋಸ್ಕರ.

ನಾವು ತಿಪಟೂರಿನವರು, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಿದ್ದೇವೆ. ಮಗಳು ಜಾಹ್ನವಿ ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿಗೆ ಸಾಯಿತೇಜ ಎಂಬ ಹುಡುಗ ಸೊಂಟ ಹಿಡಿದುಕೊಂಡು ಬಂದ. ಸೊಂಟನೋವು ಬಿಟ್ಟಿತು, ಹುಡುಗ ಬಿಡಲಿಲ್ಲ. ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಅವರದು. ಹುಡುಗನ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಅವನ ತಂದೆ ಈಶ್ವರಯ್ಯ, ತಾಯಿ ರಾಜ್ಯಲಕ್ಷ್ಮಿ ಭಾನುವಾರ ನಮ್ಮನ್ನು ನೋಡಲು ಬರುವವರಿದ್ದರು. ಆ ಮನೆಯಲ್ಲಿ ಕೊನೆಯ ಮಾತು ರಾಜ್ಯಲಕ್ಷ್ಮಿಯವರದೇ.

ಜಾಹ್ನವಿ ಫೋನಿನಲ್ಲಿ ನನಗೆ ಪಾಠ ಹೇಳಿದ್ದಳು. “ಅಮ್ಮಾ, ತೇಜನ ಅಮ್ಮ ನಿನ್ನ ಕಮಲಾಕ್ಷಿಗಾರು ಅಂತಿರೋವರ್ಗೂ ಏನೂ ಆಗಿಲ್ಲ ಅಂತ ತಿಳ್ಕೊ. ವದಿನಾ ಅಂದ್ರೆ ಸಂಬಂಧ ಕುದುರ್ತು ಅಂತ. ಅವರ ಕಡೆ ಬೀಗಿತ್ತೀನ ಹಾಗೇ ಕರೆಯೋದು. ಒಂದ್ಸಲ ಕರೆದ್ಮೇಲೆ ಅವರು ಹಿಂದೆ ಸರಿಯೋರಲ್ಲ.” ಆಮೇಲೆ ದನಿ ಸಣ್ಣದಾಯಿತು. “ಅಮ್ಮಾ, ನಂಗೆ ತೇಜಾನೇ ಬೇಕು.”

ಹಟ ಮಾಡಿ ಒಂದು ಫ್ರಾಕನ್ನೂ ಕೇಳದೆ ಬೆಳೆದ ಹುಡುಗಿ.

ಇವರ ತಲೆಗೆ ಹೊಕ್ಕಿದ್ದು ಬೇರೆ. ಯಾವಾಗಲೋ ಮಾತಿನ ನಡುವೆ ಸಾಯಿತೇಜ ತನ್ನ ತಂದೆಗೆ ನಿಂಬೆಹಣ್ಣು ಹಿಂಡಿದ ಜಿನ್ನೆಂದರೆ ಪ್ರಾಣ ಎಂದಿದ್ದನಂತೆ. “ಪಾರ್ಟಿ ಮನಸ್ಸಲ್ಲೇನಿದೆ ಅಂತ ತಿಳ್ಕೊಳ್ದೆ ಯಾವ ಪ್ರಪೋಸಲ್ಲೂ ಸ್ಯಾಂಕ್ಷನ್ ಆಗಲ್ಲ ಕಣೇ,” ಎಂದು ನನಗೆ ಬುದ್ಧಿ ಹೇಳಿದರು.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಮೊಬೈಲನ್ನು ಉಪ್ಪಿನ ಜಾಡಿಗೆ ಒರಗಿಸಿ ವಿಡಿಯೋ ಹಾಕಿದರು. ಅದರಲ್ಲಿ ಗಡ್ಡದ ಹುಡುಗನೊಬ್ಬ ರೋಸ್‌ಮೇರಿ ಎಂಬ ಸೊಪ್ಪನ್ನು ಅಂಗೈಯಲ್ಲಿಟ್ಟು ಚಪ್ಪಾಳೆ ತಟ್ಟಿ ಗಾಜಿನ ಲೋಟಕ್ಕೆ ಹಾಕುತ್ತಿದ್ದ. ಸೊಪ್ಪನ್ನು ತೊಳೆದೂ ಇರಲಿಲ್ಲ. ಅಲ್ಲಿಗೇ ನನಗೆ ಅವನ ಮೇಲಿನ ನಂಬಿಕೆ ಹೋಯಿತು.

ರೋಸ್‌ಮೇರಿ ನಮ್ಮ ರೈತು ಬಜಾರಿನಲ್ಲಿ ಸಿಗುವುದಿಲ್ಲ. ಇವರ ಕಣ್ಣು ಬಾಲ್ಕನಿಯ ತುಳಸಿ ಕುಂಡದ ಕಡೆ ಹೊರಳಿತು.

“ತುಳಸಿ ಮುಟ್ಟಿದ್ರೆ ನೋಡಿ ಮತ್ತೆ!” ಎಂದೆ.

ಪಕ್ಕದ ಕುಂಡದಲ್ಲಿ ದೊಡ್ಡಪತ್ರೆ ಸೊಂಪಾಗಿ ಬೆಳೆದಿತ್ತು, ಅದನ್ನೇ ಕಿತ್ತೆ. ಗಡ್ಡದವನ ವಿಲಾಯಿತಿ ಹಣ್ಣಿನ ಬದಲು ಹೇರಳೆಕಾಯಿ, ಸಕ್ಕರೆ ಪಾಕದ ಬದಲು ಅನಕಾಪಲ್ಲಿ ಬೆಲ್ಲ. ಇವರು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದರು. “ಸೊಪ್ಪಿನ ಸಾರ ಎಲ್ಲಾ ಜಿನ್ನಿಗೆ ಇಳೀಬೇಕಂತೆ ಕಣೇ.”

“ಸಾರ ಇಳಿಸೋದನ್ನ ನನಗೆ ಹೇಳ್ಕೊಡ್ತೀರಾ? ಸರೀರಿ ಆಚೆ,” ಎಂದೆ.

ಸೊಪ್ಪಿನ ಸಾರ ಇಳಿಸಲು ನಮ್ಮ ಮನೆತನದಲ್ಲಿ ಇರುವುದು ಒಂದೇ ದಾರಿ. ಬಾಟಲಿಯ ಅರ್ಧದಷ್ಟು ಜಿನ್ನನ್ನು ಪಾತ್ರೆಗೆ ಸುರಿದು, ಅಷ್ಟೇ ನೀರು ಬೆರೆಸಿದೆ. ದೊಡ್ಡಪತ್ರೆ, ಹೇರಳೆ ಸಿಪ್ಪೆ, ಜಜ್ಜಿದ ಶುಂಠಿ ಹಾಕಿದೆ. ಕೈ ತಡೆಯಲಿಲ್ಲ, ಒಂದಿಷ್ಟು ಮೆಣಸನ್ನೂ ಹಾಕಿದೆ. ಒಲೆಯ ಮೇಲಿಟ್ಟು ಅರ್ಧಕ್ಕಿಳಿಯುವ ತನಕ ಕುದಿಸಿದೆ. ನಡುವೆ ಒಮ್ಮೆ ಪಾತ್ರೆಯ ಬಾಯಿಗೆ ನೀಲಿ ಉರಿ ಹತ್ತಿಕೊಂಡಿತು. ಇವರು ಹೊರಗೆ ಹಾರಿ ಬಾಗಿಲ ಮರೆಯಿಂದ “ಅದರ ಪವರ್ ನೋಡೇ!” ಎಂದು ಕೂಗಿದರು. ಉರಿ ತಾನಾಗಿಯೇ ಆರಿತು.

ಆರಿಸಿ, ಸೋಸಿ, ಬೆಲ್ಲ ಕದಡಿ, ನಿಂಬೆರಸ ಹಿಂಡಿದೆ. ಇವರು ಬಗ್ಗಿ ಮೂಸಿ ನೋಡಿದರು.

“ಕೆಮ್ಮಿಗೆ ಕೊಡೋ ಔಷಧಿ ವಾಸನೆ ಬರ್ತಿದೆಯಲ್ಲೇ?”

“ಒಳ್ಳೇ ಜಿನ್ನು ಹಾಗೇ ಇರುತ್ತೆ.”

ಇಬ್ಬರಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ವಾದ ಬೆಳೆಯಲಿಲ್ಲ. ಉಳಿದರ್ಧ ಬಾಟಲಿ ಮತ್ತೆ ಅಕ್ಕಿಯೊಳಗೆ ಹೋಯಿತು.

ಭಾನುವಾರ ವಿಜಯವಾಡದ ರೈಲಿನಲ್ಲಿ ಅವರು ಬಂದರು. ರಾಜ್ಯಲಕ್ಷ್ಮಿಯವರಿಗೆ ಎ.ಸಿ. ಗಾಳಿಗೆ ಗಂಟಲು ಕಟ್ಟಿ ಕೆಮ್ಮು ಹತ್ತಿತ್ತು. ಅವರ ತಾಯಿ ಬಳ್ಳಾರಿಯವರಂತೆ, ಹಾಗಾಗಿ ಕನ್ನಡ ಬರುತ್ತಿತ್ತು. “ಕೊಂಚೆಂ ಕೊಂಚೆಂ ಮಾತಾಡ್ತೀನಂಡಿ, ತಪ್ಪಾದ್ರೆ ನಗಬೇಡಿ,” ಎಂದರು. ನನಗೆ ಆ ಹೆಂಗಸು ಬಹಳ ಇಷ್ಟವಾದರು. ಕಾಯಿ ಹೋಳಿಗೆ ಬಡಿಸಿದೆ. “ಕಮಲಾಕ್ಷಿಗಾರು, ಹೋಳಿಗೆ ಚಾಲಾ ಬಾಗುಂದಿ,” ಎಂದರು. ಇನ್ನೊಂದು ಹಾಕಿದೆ. “ಸಾಕು ಕಮಲಾಕ್ಷಿಗಾರು,” ಎಂದರು. ತುಪ್ಪ ಸುರಿದೆ. ಆಗಲೂ ಕಮಲಾಕ್ಷಿಗಾರೇ. ವದಿನಾ ಎಂಬ ಮಾತು ಬಾಯಿಯ ಹತ್ತಿರಕ್ಕೂ ಸುಳಿಯಲಿಲ್ಲ.

ಅಷ್ಟರಲ್ಲಿ ನಮ್ಮವರು ಟ್ರೇ ಹಿಡಿದು ಮೆರವಣಿಗೆ ಬಂದರು. ಉದ್ದನೆಯ ಗಾಜಿನ ಲೋಟ, ಅಂಚಿಗೆ ನಿಂಬೆಯ ಬಿಲ್ಲೆ, ಮೇಲೊಂದು ದೊಡ್ಡಪತ್ರೆ ಎಲೆ. “ಬಾವಗಾರು, ಮೀಕೋಸಂ ಸ್ಪೆಷಲ್ ಜಿನ್!” ಎಂದು ಯಾರೂ ಕೇಳದ ನೆಂಟಸ್ತನವನ್ನೂ ತಾವೇ ಹೇಳಿಕೊಂಡು ಲೋಟವನ್ನು ಈಶ್ವರಯ್ಯನವರ ಕೈಗಿಟ್ಟರು.

ಈಶ್ವರಯ್ಯ ಲೋಟ ನೋಡಿದರು. ಹೆಂಡತಿಯನ್ನು ನೋಡಿದರು. ಮುಖ ಬಿಳಿಚಿಕೊಂಡಿತು.

“ಜಿನ್ನಾ?” ಎಂದು ರಾಜ್ಯಲಕ್ಷ್ಮಿ ಎದ್ದು ನಿಂತರು.

“ತೇಜ ಹೇಳಿದ್ದ, ಇವರಿಗೆ ಇಷ್ಟ ಅಂತ...” ಎಂದರು ನಮ್ಮವರು.

“ಅದು ಹಳೇ ಕಥೆಯಂಡಿ! ಕುಡಿದು ಲಾರಿ ಕೆಳಗೆ ಬಿದ್ದು, ಇವರು ಬದುಕ್ತಾರೋ ಇಲ್ವೋ ಅಂತ ಆಸ್ಪತ್ರೇಲಿ ಅಳ್ತಾ ಕೂತವಳು ನಾನು. ದುರ್ಗಮ್ಮನ ಗುಡೀಲಿ ನನ್ನ ತಲೆ ಮೇಲೆ ಕೈ ಇಟ್ಟು ಇನ್ನು ಮುಟ್ಟಲ್ಲ ಅಂದಿದಾರೆ. ಕೂರಿಸಿ ಕುಡಿಸೋ ಮನೆ ಸಂಬಂಧ ನನಗೆ ಬೇಡ. ಪದಂಡಿ, ಹೋಗೋಣ.”

ಕೈಚೀಲ ಹೆಗಲಿಗೇರಿತು. ಜಾಹ್ನವಿಗೆ ಏನೆಂದು ಹೇಳಲಿ? ನಿಮ್ಮಪ್ಪ ಅತಿಥಿ ಸತ್ಕಾರ ಮಾಡಿ ನಿನ್ನ ಮದುವೆ ಮುರಿದರು ಎನ್ನಲೇ? ಆ ಕ್ಷಣದಲ್ಲಿ ಟ್ರೇ ತೆಗೆದು ಇವರ ತಲೆಗೇ ಕುಕ್ಕಬೇಕೆನ್ನಿಸಿತು.

ರಾಜ್ಯಲಕ್ಷ್ಮಿ ಗಂಡನ ಕೈಯಿಂದ ಲೋಟ ಕಿತ್ತುಕೊಂಡು ಸೀದಾ ಅಡುಗೆಮನೆಯ ಸಿಂಕಿನ ಕಡೆ ನಡೆದರು. ನಾನು ಹಿಂದೆಯೇ ಓಡಿದೆ. ಚೆಲ್ಲಲು ಬಗ್ಗಿಸಿದ ಲೋಟವನ್ನು ಅವರು ಮತ್ತೆ ಎತ್ತಿದರು. ಮೂಸಿದರು. ಕೆಮ್ಮಿದರು. ಇನ್ನೊಮ್ಮೆ ಮೂಸಿದರು.

“ಇದೇನು, ದೊಡ್ಡಪತ್ರೆ, ಶುಂಠಿ... ಮೆಣಸೂ ಹಾಕಿದೀರಾ?”

“ಹಾಕಿದೀನಿ.”

“ಕುದಿಸಿದ್ರಾ? ಜಿನ್ನನ್ನಾ?”

ನನಗೆ ಭಯದ ನಡುವೆಯೂ ರೇಗಿಹೋಯಿತು. “ಸೊಪ್ಪು ಹಾಕಿದ್ಮೇಲೆ ಕುದಿಸ್ದೆ ಯಾರಾದ್ರೂ ಕುಡೀತಾರೇನ್ರೀ? ಅರ್ಧಕ್ಕಿಳಿಸಿದೀನಿ. ನೀಲಿ ಉರೀನೂ ಬಂತು!”

ಬಾಗಿಲಿಗೆ ಬಂದಿದ್ದ ಈಶ್ವರಯ್ಯ ತಲೆಯ ಮೇಲೆ ಕೈ ಹೊತ್ತುಕೊಂಡರು. “ಅಯ್ಯಯ್ಯೋ! ಸರುಕಂತಾ ಆವಿರೈಪೋಯಿಂದಿ!” ಮಾಲೆಲ್ಲ ಆವಿಯಾಗಿ ಹೋಯಿತಲ್ಲ ಎಂಬ ಆ ಸಂಕಟದಲ್ಲಿ ಕಪಟ ಕಿಂಚಿತ್ತೂ ಇರಲಿಲ್ಲ.

“ಅದಕ್ಕೆ ನಿಮಗ್ಯಾಕಂಡಿ ಇಷ್ಟು ದುಃಖ?” ಎಂದು ರಾಜ್ಯಲಕ್ಷ್ಮಿ ತಿರುಗಿದರು. ಈಶ್ವರಯ್ಯ ಚಾವಣಿಯ ಫ್ಯಾನ್ ನೋಡತೊಡಗಿದರು.

ರಾಜ್ಯಲಕ್ಷ್ಮಿ ಲೋಟದಿಂದ ಒಂದು ತೊಟ್ಟು ನಾಲಗೆಗೆ ಮುಟ್ಟಿಸಿದರು. ಒಂದು ಗುಟುಕು ಕುಡಿದರು. ಆಮೇಲೆ ಲೋಟ ಎತ್ತಿ ಪೂರ್ತಿ ಮುಗಿಸಿ, ಗಂಟಲು ಸರಿಮಾಡಿಕೊಂಡರು. ಕೆಮ್ಮು ಬರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದವರು ನಗಲು ಶುರುಮಾಡಿದರು. ಒಲೆ ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಬಾಟಲಿ ಪೂರಾ ಕುದಿಸಿದ್ರಾ?”

“ಇಲ್ಲ, ಅರ್ಧ ಅಕ್ಕಿ ಡಬ್ಬೀಲಿದೆ.”

ಅವರು ಕೈಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅಕ್ಕಿಯೊಳಗೆ ಕೈ ಹಾಕಿ ಬಾಟಲಿ ಎಳೆದು, ಅದೇ ಪಾತ್ರೆಗೆ ಗಳಗಳನೆ ಬಗ್ಗಿಸಿದರು.

“ನೀರು ಎಷ್ಟು ಹಾಕ್ಲಿ, ವದಿನಾ?”

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು, ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದ ನಮ್ಮವರಿಗೆ “ಮೊದಲು ಜಾಹ್ನವಿಗೆ ಫೋನ್ ಮಾಡ್ರೀ!” ಎಂದಷ್ಟೇ ಹೇಳಿದೆ.

ಪಾತ್ರೆಯಿಂದ ಹಬೆ ಏಳತೊಡಗಿತು. ಈಶ್ವರಯ್ಯ ಮೆಲ್ಲಗೆ ಒಳಗೆ ಬಂದು, ಒಲೆಯ ಹತ್ತಿರ ನಿಂತು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡರು. ರಾಜ್ಯಲಕ್ಷ್ಮಿ ಅವರನ್ನೊಮ್ಮೆ ನೋಡಿ, ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದರು.